ತಪ್ಪು ಹಿಡಿಯದ ಮೇಷ್ಟ್ರು

ಇಪ್ಪತ್ತೆಂಟು ವರ್ಷ ಒಂದೇ ಮಹಡಿಯಲ್ಲಿ ಪಾಠ ಹೇಳಿದರೂ, ತಾವು ಅಲ್ಲಿನ ಮೇಷ್ಟ್ರು ಎಂದು ತೋರಿಸಲು ಸುಗತ ಅವರ ಹತ್ತಿರ ಒಂದು ತುಂಡು ಕಾಗದವಿರಲಿಲ್ಲ. ನೇಮಕದ ಪತ್ರವಿಲ್ಲ, ಗುರುತಿನ ಚೀಟಿಯಿಲ್ಲ, ಪಿ.ಎಫ್. ಅಂತೂ ಕೇಳಲೇಬೇಡಿ. ಶಿವಾಜಿನಗರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಒಂದು ಹಳೇ ಕಟ್ಟಡ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಹಯಗ್ರೀವ ರಾಯರ ಸ್ಪೋಕನ್ ಇಂಗ್ಲಿಷ್ ಇನ್‌ಸ್ಟಿಟ್ಯೂಟು. ಬ್ಯಾಚು ತುಂಬಿದರೆ ಮೇಷ್ಟ್ರಿಗೆ ಮೂರು ತಿಂಗಳ ಕೆಲಸ, ತುಂಬದಿದ್ದರೆ ಮನೆ. ಮಕ್ಕಳಿಗೆ ಕಲಿಸಿದರೆ ಟೀಚರು ಅನ್ನುತ್ತಾರೆ, ಕಾಲೇಜಿನಲ್ಲಿ ಕಲಿಸಿದರೆ ಪ್ರೊಫೆಸರು ಅನ್ನುತ್ತಾರೆ. ಮೀಸೆ ನರೆತವರಿಗೆ, ಮೊಮ್ಮಕ್ಕಳನ್ನು ಕಂಡವರಿಗೆ ಇಂಗ್ಲಿಷು ಕಲಿಸುವವನಿಗೆ ಯಾವ ಕಚೇರಿಯ ಕಡತದಲ್ಲೂ ಒಂದು ಹೆಸರಿಲ್ಲ. ಊರ ತುಂಬ ಇಂಥವರಿದ್ದಾರೆ, ಅವರನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇಲ್ಲ.

ಹೆಂಡತಿ ಯಮುನಾ ಅವರಿಗೆ ಹೆರಿಗೆ ಆಸ್ಪತ್ರೆಯಲ್ಲಿ ಖಾಯಂ ನೌಕರಿ. “ನಿಮ್ಮ ಜೀವನದಲ್ಲಿ ಪರ್ಮನೆಂಟ್ ಅಂತ ಇರೋದು ನಾನೊಬ್ಳೇ,” ಎಂದು ಆಕೆ ಆಗಾಗ ಹೇಳುವುದುಂಟು. ಮೇಷ್ಟ್ರು ಅದನ್ನು ಒಪ್ಪಿಕೊಂಡು ಇನ್ನರ್ಧ ಲೋಟ ಕಾಫಿ ಕೇಳುವರು.

ರಾಯರ ಕಾಲದಲ್ಲಿ ಈ ಅನಿಶ್ಚಯಕ್ಕೂ ಒಂದು ಪದ್ಧತಿಯಿತ್ತು. ಬ್ಯಾಚು ಮುಗಿಯುವ ಶನಿವಾರ ಬೆಳಿಗ್ಗೆ, ಮೆಟ್ಟಿಲ ಬುಡದಲ್ಲಿದ್ದ ಕರಿಹಲಗೆಯ ಮೇಲೆ ರಾಯರೇ ತಮ್ಮ ಗುಂಡು ಅಕ್ಷರದಲ್ಲಿ ಮುಂದಿನ ಬ್ಯಾಚಿನ ಹೊತ್ತನ್ನೂ ಮೇಷ್ಟ್ರ ಹೆಸರನ್ನೂ ಬರೆಯುತ್ತಿದ್ದರು. ಮೊದಲೇ ಯಾರೂ ಕೇಳುವಂತಿಲ್ಲ, ರಾಯರೂ ಹೇಳುವಂತಿಲ್ಲ. ಆ ದಿನ ಸುಗತ ಮೇಷ್ಟ್ರು ಹಲಸೂರಿನಿಂದ ನಡೆದೇ ಬರುವರು. ಕನ್ನಡಕದ ಅಂಗಡಿಯ ಗಾಜಿನಲ್ಲಿ ತಲೆ ಬಾಚಿಕೊಳ್ಳುವ ನೆವ ಮಾಡಿ, ಓರೆಗಣ್ಣಿನಲ್ಲಿ ಹಲಗೆ ನೋಡುವರು. ಹೆಸರಿದ್ದರೆ ಮೆಟ್ಟಿಲು ಎರಡೆರಡು ಹತ್ತುವರು. ವರ್ಷಕ್ಕೆ ನಾಲ್ಕು ಸಲದಂತೆ ಈ ಪರೀಕ್ಷೆಗೆ ನೂರಕ್ಕೂ ಹೆಚ್ಚು ಬಾರಿ ಕೂತವರು ಅವರು. ಫೇಲಾದದ್ದೂ ಉಂಟು. ಆಗೆಲ್ಲ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿಕೊಂಡು ಮೂರು ತಿಂಗಳು ತಳ್ಳಿದ್ದರು.

ಸುಗತ ಹುಟ್ಟಿದ್ದು ಹಲಸೂರಿನ ಗೌತಮಪುರದ ಒಂದು ಗಲ್ಲಿಯಲ್ಲಿ. ಅಪ್ಪ ಮುತ್ತುರಾಜ್ ಮಿಲಿಟರಿ ಮೆಸ್ಸಿನಲ್ಲಿ ಬಡಿಸುವ ಕೆಲಸದಲ್ಲಿದ್ದರು. ಬೌದ್ಧ ಧರ್ಮಕ್ಕೆ ಬಂದ ವರ್ಷವೇ ಹುಟ್ಟಿದ ಮಗನಿಗೆ ಬುದ್ಧನದೇ ಒಂದು ಹೆಸರನ್ನು ಹುಡುಕಿ ಇಟ್ಟರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಉರ್ದು, ಅಪ್ಪನ ಬಾಯಲ್ಲಿ ಮೆಸ್ಸಿನ ಇಂಗ್ಲಿಷು. ನಾಲ್ಕನ್ನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಹುಡುಗ ಬಿ.ಎ. ಮುಗಿಸಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸುಸ್ತಾಗಿ, ತೊಂಬತ್ತೇಳರಲ್ಲಿ ರಾಯರ ಮಹಡಿ ಹತ್ತಿದ. ಅಲ್ಲಿದ್ದ ಮೇಷ್ಟ್ರು ಮಸ್ಕತ್ತಿಗೆ ಹಾರಿದ್ದರು. “ಬೇರೆ ಕೆಲಸ ಸಿಗೋವರೆಗೂ ಇರಿ,” ಎಂದರು ರಾಯರು. ಆ ಬೇರೆ ಕೆಲಸ ಇವತ್ತಿಗೂ ಸಿಕ್ಕಿಲ್ಲ. ನಿಜ ಹೇಳಬೇಕೆಂದರೆ ಐದಾರು ವರ್ಷದ ನಂತರ ಮೇಷ್ಟ್ರು ಹುಡುಕಲೂ ಇಲ್ಲ, ಅಷ್ಟು ಹಿಡಿಸಿಬಿಟ್ಟಿತ್ತು.

ಹಿಡಿಸದೆ ಏನು ಮಾಡೀತು? ಆ ಕಾಲದ ಬ್ಯಾಚುಗಳನ್ನು ನೋಡಬೇಕಿತ್ತು. ಬೆಳಗಿನ ಏಳಕ್ಕೆ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಸೇಲ್ಸ್‌ಮನ್‌ಗಳು, ಇಸ್ತ್ರಿ ಮಾಡಿದ ಷರಟು ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬರುವರು. ಮಧ್ಯಾಹ್ನದ ಬ್ಯಾಚಿಗೆ ಮಾರ್ಕೆಟ್ಟಿನಿಂದ ಮೀನು ಮಾರುವ ವಕಾರ್ ಬರುವನು. ದೊಡ್ಡ ಹೋಟೆಲಿನ ಬಾಣಸಿಗನೊಡನೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುವುದು ಅವನ ಜೀವನದ ಆಸೆ. ಕೈ ಎಷ್ಟು ತೊಳೆದು ಬಂದರೂ ಅವನು ಕೂತ ಬೆಂಚಿನ ಮೇಲೆ ಕಟ್ಟಡದ ಬೆಕ್ಕುಗಳಿಗೆ ವಿಶೇಷ ಪ್ರೀತಿ. ಇಂದಿರಾನಗರದಿಂದ ಅಮ್ಮಣ್ಣಿ ಅನ್ನುವ ಹಿರಿಯ ಹೆಂಗಸು ಬರುತ್ತಿದ್ದರು. ಗಂಡ ವಿಮಾ ಕಂಪನಿಯ ನಿವೃತ್ತ ಅಧಿಕಾರಿ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ನೀರಿನ ವಿಷಯಕ್ಕೆ ಜಗಳವಾಡಲು ಮಾತ್ರ ಇಂಗ್ಲಿಷು ಬೇಕಾಗಿತ್ತು. ಮೂರನೇ ತಿಂಗಳಲ್ಲಿ ಜಗಳವಾಡಿ ಗೆದ್ದು, ಇಡೀ ಕ್ಲಾಸಿಗೆ ಮೈಸೂರುಪಾಕು ಹಂಚಿದರು. ಕಾಲ್ ಸೆಂಟರುಗಳ ಹುಚ್ಚು ಹಿಡಿದಿದ್ದ ನಾಲ್ಕೈದು ವರ್ಷವಂತೂ ಬೆಂಚು ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿರುತ್ತಿದ್ದರು. ರಮ್ಜಾನಿನಲ್ಲಿ ಸಂಜೆಯ ಬ್ಯಾಚು ಬೇಗ ಬಿಡುತ್ತಿತ್ತು. ಉಪವಾಸ ಇದ್ದವರು ಇಲ್ಲದವರೆಲ್ಲ ಒಟ್ಟಿಗೇ ಕೆಳಗಿಳಿದು ಸಮೋಸಾ ತಿನ್ನುತ್ತಿದ್ದರು.

ಇನ್ನು ಅವರ ಪಾಠದ ವಿಷಯ. ಅವರ ಕ್ಲಾಸಿನಲ್ಲಿ ಯಾರು ಏನು ತಪ್ಪು ಮಾತಾಡಿದರೂ ಮೇಷ್ಟ್ರು ತಡೆಯುತ್ತಿರಲಿಲ್ಲ. ಕೇಳಿದವರಿಗೆ ಇದು ಸೋಮಾರಿತನ ಅನ್ನಿಸಬಹುದು. ಅದರ ಹಿಂದೆ ಮುನಿರಾಜಪ್ಪ ಅನ್ನುವ ಮನುಷ್ಯನಿದ್ದ.

ಮುನಿರಾಜಪ್ಪ ಸೀರೆ ಅಂಗಡಿಯ ಹಿರಿಯ ಸೇಲ್ಸ್‌ಮನ್. ಸುಗತ ಮೇಷ್ಟ್ರ ಮೊಟ್ಟಮೊದಲ ಬ್ಯಾಚು. ನಲವತ್ತು ದಾಟಿದ ಆ ಮನುಷ್ಯ ಎದ್ದು ನಿಂತು ತನ್ನ ಅಂಗಡಿಯ ಬಗ್ಗೆ ನಾಲ್ಕು ಮಾತು ಹೇಳಹೊರಟಾಗ, ಹೊಸ ಹುರುಪಿನ ಮೇಷ್ಟ್ರು ಅವನನ್ನು ಹದಿಮೂರು ಕಡೆ ತಡೆದು ತಿದ್ದಿದರು. ಹಿಂದಿನ ಬೆಂಚಿನಲ್ಲಿ ಅದೇ ಅಂಗಡಿಯ ಕಿರಿಯ ಸೇಲ್ಸ್‌ಮನ್ ಒಬ್ಬ ಕೂತಿದ್ದ, ಕಿಸಕ್ಕನೆ ನಕ್ಕ. ಮುನಿರಾಜಪ್ಪ ಕೂತುಕೊಂಡ. ಮಾರನೇ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಹತ್ತು ದಿನ ನೋಡಿ ಮೇಷ್ಟ್ರೇ ಅಂಗಡಿಗೆ ಹೋದರು. ಇವರನ್ನು ಕಂಡದ್ದೇ ತಡ, ಗಿರಾಕಿಯ ಮುಂದೆ ಸೀರೆ ಬಿಚ್ಚುತ್ತಿದ್ದ ಮುನಿರಾಜಪ್ಪ ಎದ್ದು ಗೋಡೌನಿನ ಒಳಕ್ಕೆ ಹೋದವನು ಹೊರಗೆ ಬರಲೇ ಇಲ್ಲ. ಬರಿಗೈಯಲ್ಲಿ ಹೊರಡಲು ಸಂಕೋಚವಾಗಿ ಮೇಷ್ಟ್ರು ಒಂದು ಬ್ಲೌಸ್ ಪೀಸು ಕೊಂಡು ಬಂದರು. ಆಗಿನ್ನೂ ಅವರಿಗೆ ಮದುವೆಯೇ ಆಗಿರಲಿಲ್ಲ.

ಅಂದಿನಿಂದ ಅವರು ದೊಡ್ಡವರ ತಪ್ಪನ್ನು ನಾಲ್ಕು ಜನರ ಎದುರು ಹಿಡಿದದ್ದಿಲ್ಲ. ಮಾತಾಡುವವರು ಮಾತು ಮುಗಿಸಲಿ ಎಂದು ಕಾಯುವರು. ಆಮೇಲೆ ಅವರು ಹೇಳಿದ್ದನ್ನೇ ತಮ್ಮ ಉತ್ತರದೊಳಗೆ ಸೇರಿಸಿ ಸರಿಯಾಗಿ ಹೇಳುವರು. ತಿಳಿದವರು ತಿಳಿದುಕೊಳ್ಳುವರು. ಉಳಿದದ್ದು ಕ್ಲಾಸು ಬಿಟ್ಟ ಮೇಲೆ, ಮೆಟ್ಟಿಲ ತಿರುವಿನಲ್ಲಿ, ದಿನಕ್ಕೆ ಒಬ್ಬರಿಗೆ ಒಂದು ತಪ್ಪು ಮಾತ್ರ, ಗುಟ್ಟು ಹೇಳಿದ ಹಾಗೆ.

ಹೀಗೆ ಗುಟ್ಟು ಕೇಳಿಸಿಕೊಂಡೇ ಕಲಿತವಳು ಫಾಯಿಜಾ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಕಲಿಯಲು ಬಂದವಳು. ಮೊದಲ ಎರಡು ತಿಂಗಳು ಬಾಯೇ ಬಿಡಲಿಲ್ಲ. ಬೇರೆ ಮೇಷ್ಟ್ರಾಗಿದ್ದರೆ ಬೇಸತ್ತು ಬಿಡುತ್ತಿದ್ದರು; ಸುಗತ ಮೇಷ್ಟ್ರು ಕಾದರು. ಬಾಯಿ ಬಿಟ್ಟ ಮೇಲೆ ಆಕೆಯನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಪರೀಕ್ಷೆಗಳನ್ನು ಕಟ್ಟಿ ಡಿಗ್ರಿ ಪಡೆದು, ಎಂಟು ವರ್ಷದ ಹಿಂದೆ ಅದೇ ಮಹಡಿಯಲ್ಲಿ ತಾನೂ ಟೀಚರಾದಳು. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆಯುತ್ತಿದ್ದುದೂ ಬ್ಯಾಚುಗಳಿಂದಲೇ.

ಹೋದ ವರ್ಷ ರಾಯರು ತೀರಿಕೊಂಡರು. ಮಗ ಶಿಶಿರ್ ಬಂದ. ಕೆಟ್ಟವನಲ್ಲ, ಚಿಕ್ಕಂದಿನಿಂದ ಮೇಷ್ಟ್ರನ್ನು ಅಂಕಲ್ ಎಂದೇ ಕರೆದವನು. ಆದರೆ ಈಗ ಜನ ಫೋನಿನೊಡನೆಯೇ ಇಂಗ್ಲಿಷು ಮಾತಾಡಿ ಕಲಿಯುತ್ತಾರೆ. ಅದು ಬ್ಯಾಚು ಕೇಳುವುದಿಲ್ಲ, ಭಾನುವಾರ ರಜೆಯನ್ನೂ ಕೇಳುವುದಿಲ್ಲ. ಆರಿದ್ದ ಬ್ಯಾಚುಗಳು ಮೂರಾಗಿ, ಮೂರು ಒಂದಾಯಿತು. ಸಂಜೆ ಆರೂವರೆಯ ಬ್ಯಾಚೊಂದೇ ಉಳಿಯಿತು. ಟೀಚರುಗಳಲ್ಲಿ ಉಳಿದವರು ಇಬ್ಬರು, ಸುಗತ ಮೇಷ್ಟ್ರು ಮತ್ತು ಫಾಯಿಜಾ.

“ನಾನು ಚೂಸ್ ಮಾಡಲ್ಲ ಅಂಕಲ್, ನಂಗೆ ಇಬ್ರೂ ಬೇಕು,” ಎಂದ ಶಿಶಿರ್. “ಭಾನುವಾರ ಇಬ್ರೂ ಒಂದೊಂದು ಡೆಮೊ ಕ್ಲಾಸ್ ತಗೊಳ್ಳಿ. ಬಂದ ಜನಾನೇ ಫಾರ್ಮಲ್ಲಿ ಟೀಚರ್ ಹೆಸರು ಬರೆದು ಸೇರ್ಕೊಳ್ಲಿ. ಯಾರ ಹೆಸರಿಗೆ ಜಾಸ್ತಿ ಬರುತ್ತೋ ಬ್ಯಾಚ್ ಅವ್ರದ್ದು. ಸಮ ಬಂದ್ರೆ ನೀವು ಸೀನಿಯರ್, ನಿಮ್ಗೇ.”

ಡೆಮೊ ಅಂದರೆ ಸೇರುವ ಮುಂಚೆ ಪುಕ್ಕಟೆಯಾಗಿ ತೋರಿಸುವ ಪಾಠ. ಶನಿವಾರ ಫಾಯಿಜಾ ಬೋರ್ಡು ಒರೆಸುತ್ತಿದ್ದ ಮೇಷ್ಟ್ರ ಹತ್ತಿರ ಬಂದು ನಿಂತಳು.

“ಸಾರ್, ಒಂದು ಮಾತು ಹೇಳ್ಲಾ? ನಾಳೆ ತಪ್ಪುಗಳನ್ನ ಬೋರ್ಡ್ ಮೇಲೆ ಬರೀರಿ. ಕೆಂಪಗೆ ಬರೀರಿ. ಜನಕ್ಕೆ ಕಣ್ಣಿಗೆ ಕಾಣ್ಬೇಕು. ನನ್ನ ತಪ್ಪು ತೋರ್ಸಿದ್ರು, ಇಲ್ಲಿ ಕಲಿಯೋಕೆ ಏನೋ ಇದೆ ಅಂತ ಸೇರ್ತಾರೆ. ನಾನು ಹಂಗೇ ಮಾಡ್ತೀನಿ.”

“ನಿನ್ನ ಬ್ಯಾಚು ನೀನೇ ಕಳ್ಕೊಳ್ಳೋ ದಾರಿ ಹೇಳ್ತಿದೀಯಲ್ಲ,” ಎಂದರು ಮೇಷ್ಟ್ರು.

“ನಿಮ್ಗೆ ಗೊತ್ತಿಲ್ದೆ ಗೆಲ್ಲೋಕೆ ನಂಗೆ ಇಷ್ಟ ಇಲ್ಲ ಸಾರ್,” ಎಂದಳು ಫಾಯಿಜಾ.

ರಾತ್ರಿಯ ಊಟಕ್ಕೆ ಮೊದಲೇ ಯಮುನಾ ಅವರೂ ಇದೇ ಹಾಡು ಶುರುಮಾಡಿದರು. “ಇದೊಂದು ಸಲ ತಪ್ಪು ಹಿಡೀರಿ. ಮನೇಲಿ ನನ್ನಲ್ಲಿ ಹಿಡಿಯೋದ್ರಲ್ಲಿ ಕಾಲು ಭಾಗ ಹಿಡಿದ್ರೂ ಸಾಕು.” ಮೇಷ್ಟ್ರಿಗೆ ಐವತ್ತೈದು. ಈ ಬ್ಯಾಚು ತಪ್ಪಿದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಹೋಗಿ ಒಂದು ಕೆಂಪು ಮಾರ್ಕರ್ ಕೊಂಡು ತಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತೆರಡು ಜನ ಬಂದಿದ್ದರು. ಮೊದಲು ಫಾಯಿಜಾಳ ಪಾಠ. ಬೋರ್ಡು ಕೆಂಪಾಯಿತು, ಜನ ಬರೆದುಕೊಂಡರು. ಚಂದದ ಪಾಠವೇ, ಮೇಷ್ಟ್ರಿಗೆ ಹೆಮ್ಮೆಯಾಯಿತು. ಬೋರ್ಡು ಒರೆಸಿದ ಮೇಲೆ ಅವರ ಸರದಿ. ಮೊದಲು ಎದ್ದವನು ಕಲ್ಯಾಣ ನಗರದ ಒಬ್ಬ ತರುಣ. ಮೇಷ್ಟ್ರು ಮನಸ್ಸು ಗಟ್ಟಿ ಮಾಡಿಕೊಂಡು ಅವನ ಎರಡು ತಪ್ಪುಗಳನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರು. ಹುಡುಗನಿಗೆ ಬೇಜಾರೂ ಆಗಲಿಲ್ಲ, ತಲೆಯಾಡಿಸಿ ಬರೆದುಕೊಂಡ. ಎರಡನೆಯವನದೂ ಹಾಗೇ. ಬಾಗಿಲಲ್ಲಿ ನಿಂತಿದ್ದ ಶಿಶಿರ್ ಹೆಬ್ಬೆರಳು ಎತ್ತಿ ತೋರಿಸಿದ. ಇಷ್ಟು ಸುಲಭವೇ ಎಂದು ಮೇಷ್ಟ್ರಿಗೇ ಆಶ್ಚರ್ಯವಾಯಿತು.

ಮೂರನೆಯದಾಗಿ ಎದ್ದದ್ದು ಮಾರಕ್ಕ. ಕೆ.ಆರ್. ಪುರಂ ಕಡೆಯ ಹೆಂಗಸು, ನಲವತ್ತಾರರ ಆಸುಪಾಸು. ದೊಡ್ಡನೆಕ್ಕುಂದಿಯ ಐ.ಟಿ. ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಹೌಸ್‌ಕೀಪಿಂಗ್ ಕೆಲಸ. ಸೂಪರ್‌ವೈಸರ್ ಮಾಡುತ್ತೇವೆಂದು ಮೂರು ಸಲ ಕರೆದಿದ್ದರು, ಮೂರು ಸಲವೂ ಉತ್ತರ ಭಾರತದ ಕಡೆಯ ಮ್ಯಾನೇಜರನ ಎದುರು ನಾಲಗೆ ಹೊರಳದೆ ವಾಪಸು ಬಂದಿದ್ದಳು. ಇಷ್ಟನ್ನು ಕನ್ನಡದಲ್ಲಿ ಹೇಳಿ, ಸೆರಗಿನ ತುದಿ ಬಿಗಿಯಾಗಿ ಹಿಡಿದು, ಇಂಗ್ಲಿಷಿನಲ್ಲಿ ಶುರು ಮಾಡಿದಳು. ಎರಡು ವಾಕ್ಯವಾಗಿತ್ತು, ಅಷ್ಟರಲ್ಲೇ ಐದು ತಪ್ಪು. ಮೇಷ್ಟ್ರ ಕೈ ಬೋರ್ಡಿನ ಕಡೆಗೆ ಎದ್ದಿತು. ಮಾರಕ್ಕನ ಕಣ್ಣು ಆ ಮಾರ್ಕರಿನ ಮೇಲೆ ಬಿತ್ತು, ಮಾತು ನಿಂತಿತು.

ಆ ಮುಖವನ್ನು ಮೇಷ್ಟ್ರು ಹಿಂದೆ ಒಮ್ಮೆ, ತಮ್ಮ ಮೊದಲ ಬ್ಯಾಚಿನಲ್ಲಿ, ನೋಡಿದ್ದರು. ಇನ್ನೊಂದು ಸಲ ನೋಡುವ ಶಕ್ತಿ ಅವರಿಗಿರಲಿಲ್ಲ. ಮಾರ್ಕರನ್ನು ಜೇಬಿಗೆ ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಮುಂದೆ ಹೇಳಿ ಎನ್ನುವಂತೆ ತಲೆಯಾಡಿಸಿದರು.

ಮಾರಕ್ಕ ಆರು ನಿಮಿಷ ಮಾತಾಡಿದಳು. ಕೆಲಸಕ್ಕೆ ಸೇರಿದ ಮೊದಲ ದಿನ ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ಹತ್ತನೇ ಮಹಡಿಯಿಂದ ತನ್ನ ಊರಿನ ಕೆರೆ ಹುಡುಕಿದ್ದು, ಈಗ ಆ ಕಟ್ಟಡದ ಒಂದೊಂದು ನಲ್ಲಿಯ ಗುಣವೂ ತನಗೆ ಗೊತ್ತಿರುವುದು. ನಿನ್ನೆ ನಾಳೆಗಳೆಲ್ಲ ಕಲಸಿಹೋಗಿದ್ದವು. ಆದರೂ ಇಪ್ಪತ್ತೊಂದು ಜನ ಉಸಿರು ಬಿಗಿಹಿಡಿದು ಕೇಳಿದರು, ಎರಡು ಸಲ ನಕ್ಕರು, ನಗಬೇಕಾದ ಕಡೆಯೇ ನಕ್ಕರು. ಕೊನೆಗೆ ಮೇಷ್ಟ್ರು ಅವಳು ಹೇಳಿದ್ದನ್ನೇ ತಮ್ಮ ಮಾತಿನಲ್ಲಿ ಹೇಳಿ ಮೆಚ್ಚಿಕೊಂಡರು. ಅಷ್ಟಕ್ಕೆ ಹೊತ್ತು ಮುಗಿಯಿತು. ಬೋರ್ಡಿನ ಮೇಲೆ ಆ ಹುಡುಗರ ಮೂರ್ನಾಲ್ಕು ತಪ್ಪುಗಳ ಹೊರತು ಏನೂ ಇರಲಿಲ್ಲ.

ಮಧ್ಯಾಹ್ನ ಶಿಶಿರ್ ಫಾರ್ಮುಗಳನ್ನು ಹಿಡಿದುಕೊಂಡು ಬಂದ. “ಫಾಯಿಜಾ ಮೇಡಂಗೆ ಒಂಬತ್ತು, ನಿಮ್ಗೆ ಎಂಟು ಅಂಕಲ್. ಐದು ಜನ ಸೇರ್ಲಿಲ್ಲ. ಇನ್ನೊಬ್ರು ಬರೆದಿದ್ರೆ ಸಮ ಆಗಿ ನಿಮ್ಗೇ ಬರ್ತಿತ್ತು.” ಅವನ ಮುಖವೂ ಸಪ್ಪಗಾಗಿತ್ತು. “ನಿಮ್ಮನ್ನ ತೆಗೀತಿಲ್ಲ. ನೆಕ್ಸ್ಟ್ ಬ್ಯಾಚ್ ಆದಾಗ ಕಾಲ್ ಮಾಡ್ತೀನಿ.”

ಆ ಮಾತಿನ ಅರ್ಥ ಕೇಳಿಸಿಕೊಂಡವರಿಗೂ ಗೊತ್ತಿತ್ತು, ಹೇಳಿದವನಿಗೂ ಗೊತ್ತಿತ್ತು. ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಿದರು. “ಆ ಮಾರಕ್ಕ ಅನ್ನೋರು?”

“ಅವ್ರು ಯಾರ ಹತ್ರಾನೂ ಸೇರ್ಲಿಲ್ಲ. ಫಾರ್ಮೂ ತಗೊಳ್ದೆ ಹೋದ್ರು.”

ಕೆಲಸ ಹೋದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಯಾರಿಗಾಗಿ ಮಾರ್ಕರು ಜೇಬಿಗೆ ಹೋಯಿತೋ ಅವಳೇ ತಿರುಗಿ ನೋಡದೆ ಹೋಗಿದ್ದಳು. ಫಾಯಿಜಾ ಮೆಟ್ಟಿಲ ಮೇಲೆ ಅಡ್ಡ ನಿಂತು, ತಾನು ಬ್ಯಾಚು ಬಿಡುತ್ತೇನೆಂದಳು. “ಹುಚ್ಚಿ, ನೀನು ಬಿಟ್ರೆ ಅವ್ನು ಬ್ಯಾಚೇ ಎತ್ತಿಬಿಡ್ತಾನೆ,” ಎಂದು ಗದರಿ ಮೇಷ್ಟ್ರು ಕೆಳಗಿಳಿದರು. ಅವಳು ಅಳುತ್ತಿದ್ದಳು. ತಿರುಗಿ ನೋಡಿದರೆ ತಮಗೂ ತಡೆಯಲಾಗದೆಂದು ನೋಡಲಿಲ್ಲ.

ಮುಂದಿನ ಎರಡು ತಿಂಗಳು ಅವರನ್ನು ಒಂದೇ ಯೋಚನೆ ಕೊರೆಯಿತು. ಇಪ್ಪತ್ತೆಂಟು ವರ್ಷ ತಾನು ಕರುಣೆ ಎಂದುಕೊಂಡದ್ದು ಬರೀ ಪುಕ್ಕಲುತನವೇ ಇದ್ದೀತೇ? ತಿದ್ದಿದ್ದರೆ ಆ ಹೆಂಗಸು ಸೇರುತ್ತಿದ್ದಳು, ಕಲಿಯುತ್ತಿದ್ದಳು. ತಿದ್ದದೆ ಯಾರಿಗೆ ಏನು ಉಪಕಾರವಾಯಿತು? ಯಮುನಾ ಅವರ ಹತ್ತಿರ ಹೇಳಿಕೊಂಡರು. ಆಕೆ ತಮಾಷೆ ಮಾಡಲಿಲ್ಲ, ತಟ್ಟೆಗೆ ಅನ್ನ ಬಡಿಸಿದರು.

ಕೆ.ಆರ್. ಪುರಂನ ಒಂದು ಕೋಚಿಂಗ್ ಸೆಂಟರಿನಲ್ಲಿ ಟೀಚರು ಬೇಕಾಗಿದ್ದಾರೆಂದು ತಿಳಿದು ಒಂದು ಬೆಳಿಗ್ಗೆ ಮೇಷ್ಟ್ರು ಹಲಸೂರಿನಲ್ಲಿ ಮೆಟ್ರೋ ಹತ್ತಿದರು. ಇಳಿದು ಮೇಲ್ಸೇತುವೆ ದಾಟುತ್ತಿದ್ದಾಗ ಹಿಂದಿನಿಂದ ಯಾರೋ “ಸಾರ್” ಎಂದರು. ಮಾರಕ್ಕ. ಕೊರಳಲ್ಲಿ ನೀಲಿ ಪಟ್ಟಿಯ ಹೊಸ ಐಡಿ ಕಾರ್ಡು, ಜೊತೆಯಲ್ಲಿ ಹೌಸ್‌ಕೀಪಿಂಗ್ ಸಮವಸ್ತ್ರದ ಇಬ್ಬರು ಹೆಣ್ಣುಮಕ್ಕಳು.

“ಸೂಪರ್‌ವೈಸರ್ ಆದೆ ಸಾರ್. ನಿಮ್ಮಿಂದಾನೇ.”

“ನನ್ನಿಂದ ಹೇಗಮ್ಮ? ನೀವು ಕ್ಲಾಸಿಗೇ ಸೇರ್ಲಿಲ್ಲ,” ಎಂದರು ಮೇಷ್ಟ್ರು. ಮಾತಿನಲ್ಲಿ ಸ್ವಲ್ಪ ಕಹಿ ಇಣುಕಿತು.

“ಅದೇ ಹೇಳ್ತಿರೋದು. ಅವತ್ತು ಅಷ್ಟೊತ್ತು ಮಾತಾಡಿದ್ನಾ, ಆ ಹುಡುಗ್ರಿಗೆಲ್ಲ ತಪ್ಪು ಬರೆದ್ರಿ, ನಂಗೆ ಮಾತ್ರ ಒಂದೂ ಬರೀಲಿಲ್ಲ. ಇಂಥ ಮೇಷ್ಟ್ರೇ ತಪ್ಪಿಲ್ಲ ಅಂದ್ಮೇಲೆ ನಂಗೆ ಇಂಗ್ಲಿಷು ಬರ್ತದೆ ಅಂತಾಯ್ತಲ್ಲ. ಇಷ್ಟು ದಿನ ಗೊತ್ತೇ ಇರ್ಲಿಲ್ಲ ನೋಡಿ. ಇನ್ ಕ್ಲಾಸ್ ಯಾಕೆ ಅಂತ ಹಂಗೇ ಹೊರಟೋದೆ. ಸೋಮವಾರ ಬೆಳಗ್ಗೆ ಸೀದಾ ಮ್ಯಾನೇಜರ್ ಹತ್ರ ಹೋಗಿ ಮಾತಾಡ್ಬಿಟ್ಟೆ.”

ಮೇಷ್ಟ್ರು ಸೇತುವೆಯ ಕಂಬಿ ಹಿಡಿದುಕೊಂಡರು. ನಗು ಬಂತು, ತಡೆಯಲಾಗದ ನಗು, ಕಣ್ಣಲ್ಲಿ ನೀರು ಬರುವವರೆಗೆ. ಮಾರಕ್ಕನೂ ಏಕೆಂದು ತಿಳಿಯದೆಯೇ ನಕ್ಕಳು. ಆಮೇಲೆ ಏನೋ ಅನುಮಾನ ಬಂದವಳ ಹಾಗೆ ಕೇಳಿದಳು.

“ನಾನು ಫಾರ್ಮ್ ತಗೊಳ್ದೆ ಹೋಗಿದ್ದಕ್ಕೆ ನಿಮ್ಗೇನೂ ತೊಂದ್ರೆ ಆಗ್ಲಿಲ್ಲ ತಾನೆ ಸಾರ್?”

ಆ ಇಬ್ಬರು ಹೆಣ್ಣುಮಕ್ಕಳೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

“ಛೆ, ಏನೂ ಇಲ್ಲಮ್ಮ. ಬೇಕಾದಷ್ಟು ಜನ ಸೇರಿದ್ರು.”

“ಹಂಗಾದ್ರೆ ಸರಿ. ಇವರಿಬ್ರನ್ನ ಕಳಿಸ್ತೀನಿ, ಇವಕ್ಕೆ ಏನೂ ಬರಲ್ಲ. ಸಂಜೆ ಬ್ಯಾಚ್ ಇದ್ಯಲ್ಲ?”

“ಇದೆ. ಫಾಯಿಜಾ ಮೇಡಂ ಅಂತ ಕೇಳ್ಕೊಂಡು ಹೋಗ್ಲಿ. ನನಗಿಂತ ಚೆನ್ನಾಗಿ ತಿದ್ತಾರೆ,” ಎಂದರು ಮೇಷ್ಟ್ರು.

ಮಾರಕ್ಕ ಕೈಮುಗಿದು ಹೊರಟಳು. ನಾಲ್ಕು ಹೆಜ್ಜೆ ಹೋಗಿ, ತಡವಾಯಿತೆಂದು ಆ ಇಬ್ಬರನ್ನೂ ಇಂಗ್ಲಿಷಿನಲ್ಲೇ ಗದರಿಸಿದಳು. ಒಂದೇ ಉಸಿರಿನಲ್ಲಿ ಮೂರು ತಪ್ಪು. ಹುಡುಗಿಯರು ದಡಬಡ ಹೆಜ್ಜೆ ಹಾಕಿದರು. ಅಷ್ಟು ಧೈರ್ಯದ ಇಂಗ್ಲಿಷನ್ನು ಮೇಷ್ಟ್ರು ಬಹಳ ದಿನದಿಂದ ಕೇಳಿರಲಿಲ್ಲ. ಎರಡು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಹೋದ ಕೆಲಸ ಹೋದದ್ದೇ, ಆ ದುಃಖವೂ ಇತ್ತು. ಗಡಿಯಾರ ನೋಡಿಕೊಂಡರು. ಇಂಟರ್‌ವ್ಯೂಗೆ ಆಗಲೇ ಹತ್ತು ನಿಮಿಷ ತಡವಾಗಿತ್ತು.